ಏನೂ ಇಲ್ಲದ ಗುರಪ್ಪನ ಮನೆಯ ಜಪ್ತಿ

೧೯೦೮ರ ಸುಮಾರಿಗೆ ನಾನು ಬಾದಾಮಿಯಿಂದ ವರ್ಗವಾಗಿ ಇಳಕಲ್ಲ ಪೊಲೀಸ್ ಚೌಕಿಗೆ ಹವಾಲ್ದಾರನಾಗಿ ಬಂದೆ. ಮುಂದೆ ಫೌಜದಾರನಾಗಿ ಪೆನ್ಶನ್ ಪಡೆಯುವವರೆಗೆ ಕಳ್ಳರು, ದರೋಡೆಕೋರರು ಎಷ್ಟೋ ಮಂದಿ ನನ್ನ ಕೈಯಲ್ಲಿ ಹಾದುಹೋದರು. ಆದರೆ ಇಂದಿಗೂ ನೆನೆದರೆ ಬಾಯಿ ಕಹಿಯಾಗುವುದು ಗುರಪ್ಪನೆಂಬ ಸೀರೆ ವ್ಯಾಪಾರಿಯಿಂದ. ಅವನು ಯಾರ ಮನೆಗೂ ಕನ್ನ ಹಾಕಿದವನಲ್ಲ.

ಗುರಪ್ಪನ ಮನೆಯಲ್ಲಿ ಮೂರು ಮಗ್ಗಗಳಿದ್ದವು. ನೇಯಿಸಿದ ಸೀರೆಗಳು ಬಾಗಲಕೋಟೆಯ ಪೇಟೆಗೆ ಹೋಗುತ್ತಿದ್ದವು. ಮೊದಲ ಹೆಂಡತಿ ಗಂಗವ್ವ ಹೆಣ್ಣು ಹೆತ್ತಳೆಂದು ಅವಳನ್ನು ಕೂಸಿನ ಸಮೇತ ಕಮತಗಿಯ ತವರಿಗೆ ಅಟ್ಟಿ, ನೀಲವ್ವ ಎಂಬ ಚಿಕ್ಕ ವಯಸ್ಸಿನವಳನ್ನು ಮದುವೆಯಾಗಿದ್ದ. ಗಂಗವ್ವ ತವರಿನಲ್ಲಿ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿ ಹೊಟ್ಟೆ ಹೊರೆಯುತ್ತಿದ್ದಳು. ತಂದೆಯಾದವನು ಕೈಲಾಗಿದ್ದೂ ಮಕ್ಕಳನ್ನು ಸಾಕದೆ ಬಿಟ್ಟರೆ, ತಿಂಗಳಿಗೆ ಇಷ್ಟು ಕೊಡೆಂದು ಮ್ಯಾಜಿಸ್ಟ್ರೇಟರು ಹುಕುಂ ಮಾಡಬಹುದೆಂದು ಫೌಜದಾರಿ ಕಾಯ್ದೆಯಲ್ಲಿ ಒಂದು ಕಲಮು ಇತ್ತು. ಅವಳ ಅಣ್ಣ ಅದನ್ನು ಯಾರಿಂದಲೋ ಕೇಳಿ ತಿಳಿದು ಹುನಗುಂದದ ಕಚೇರಿಯಲ್ಲಿ ಅರ್ಜಿ ಕೊಡಿಸಿದ. ಮಗುವಿಗೆ ತಿಂಗಳಿಗೆ ನಾಲ್ಕು ರೂಪಾಯಿ ಎಂದು ಹುಕುಂ ಆಯಿತು.

ಮೊದಲೆರಡು ತಿಂಗಳು ಗುರಪ್ಪ ಹಣ ಕಟ್ಟಿದ. ದೇವಸ್ಥಾನ ಕಟ್ಟಿಸಿದವನಂತೆ ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದ. ಆಮೇಲೆ ನಿಲ್ಲಿಸಿಬಿಟ್ಟ. ಗಂಗವ್ವ ಹುನಗುಂದಕ್ಕೆ ಅಲೆದಳು. ವರ್ಷ ತುಂಬುವ ಹೊತ್ತಿಗೆ, ಅವನ ಸೊತ್ತು ಜಪ್ತಿ ಮಾಡಿ ಬಾಕಿ ವಸೂಲು ಮಾಡಬೇಕೆಂಬ ವಾರಂಟು ನನ್ನ ಕೈಗೆ ಬಂತು.

ಜಪ್ತಿಗೆ ಪಂಚರು ಬೇಕು. ಅಂದರೆ ಎದುರಿಗಿದ್ದು ನೋಡಿ ಸಹಿ ಹಾಕುವ ಊರಿನ ಮರ್ಯಾದಸ್ಥರು. ಶುಭ್ರ ರುಮಾಲಿನ ಮೂವರನ್ನು ಕರೆದುಕೊಂಡು ಹೋದೆ. ಗುರಪ್ಪ ಮಗ್ಗ ತೋರಿಸಿ, ಇವು ಅಣ್ಣನವು ಎಂದ. ರೇಷ್ಮೆ ಸಾವುಕಾರನದು. ಪಾತ್ರೆಗಳು ತಾಯಿಯವು. ಹಿತ್ತಲಲ್ಲಿ ಕಟ್ಟಿದ್ದ ಹಾಲು ಕರೆಯುವ ಎಮ್ಮೆ ಹೆಂಡತಿ ನೀಲವ್ವನದು. ಹಂಗಾದರೆ ನಿನ್ನದು ಯಾವುದೆಂದು ಕೇಳಿದೆ.

"ನಂದೇನೂ ಇಲ್ರಿ ಸಾಹೇಬ್ರ. ದೇವರು ಕೊಟ್ಟ ಜೀವ ಒಂದೈತಿ, ಅಷ್ಟ."

ಖರೆ ಏನೆಂದು ಪಂಚರನ್ನು ಕೇಳಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಹೌದೆಂದು ತಲೆಯಾಡಿಸಿದರು. ಹೇಳಿದ್ದನ್ನೆಲ್ಲ ಬರೆದುಕೊಂಡು ಸಹಿ ಹಾಕಿಸಿದೆ. ಬೇರೆ ದಾರಿ ಇರಲಿಲ್ಲ. ನೀಲವ್ವ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಬಸುರಿ. ಅದೇ ವಾರ ಅವಳ ಕುಬಸ, ಅಂದರೆ ಸೀಮಂತ, ನಡೆಯಿತು. 'ಏನೂ ಇಲ್ಲದ' ಗುರಪ್ಪ ಓಣಿಗೆಲ್ಲ ಹೋಳಿಗೆ ಹಾಕಿಸಿದ. ಪಂಚರು ಮೂವರೂ ಮೊದಲ ಪಂಕ್ತಿಯಲ್ಲೇ ಕುಳಿತು ಉಂಡರೆಂದು ನನ್ನ ಸಿಪಾಯಿ ಬಂದು ಹೇಳಿದ. ಊಟಕ್ಕೆ ಕರೆ ನನಗೂ ಬಂದಿತ್ತು. ಅಂಥ ಎಲೆಯಲ್ಲಿ ಕೈ ಹಾಕುವಷ್ಟು ಹಸಿವು ನನಗಿರಲಿಲ್ಲ.

ಜಪ್ತಿಯಲ್ಲಿ ಏನೂ ಸಿಗದಿದ್ದಾಗ ಮ್ಯಾಜಿಸ್ಟ್ರೇಟರು ಅವನಿಗೆ ಒಂದು ತಿಂಗಳ ಕೈದು ವಿಧಿಸಿದರು. ನಾನೇ ಹಿಡಿದುಕೊಂಡು ಹೋದೆ. ಹುನಗುಂದದ ದಾರಿಯುದ್ದಕ್ಕೂ ಅವನದು ನಗುಮುಖ. ಸರಕಾರದ ರೊಟ್ಟಿ ತಿಂದು ತಿಂಗಳು ಕಳೆದರೆ ಬಾಕಿಯೂ ಹರಿಯಿತು, ಆ ಹೆಂಗಸಿಗೆ ದುಡ್ಡೂ ದಕ್ಕಲಿಲ್ಲ ಎಂದು ನನಗೇ ಲೆಕ್ಕ ಒಪ್ಪಿಸಿದ. ಮಗಳ ಹೆಸರೇನೆಂದು ಕೇಳಿದೆ. ಅವನಿಗೆ ನೆನಪಾಗಲಿಲ್ಲ.

ಅವನು ಒಳಗಿದ್ದಾಗ ಒಂದು ಮುಂಜಾನೆ ನೀಲವ್ವ ಚೌಕಿಗೆ ಬಂದಳು. ಸೆರಗು ಸರಿಮಾಡಿಕೊಂಡು ಕೇಳಿದಳು:

"ಎಮ್ಮಿ ನಂದು ಅಂತ ಪಂಚರ ಮುಂದ ಬರಸ್ಯಾರಲ್ರಿ. ಹಂಗಾರ ಅದನ್ನ ಯಾರಿಗರ ಕೊಡಾಕ ನನಗ ಅಡ್ಡಿ ಐತೇನ್ರಿ?"

ಯಾವ ಅಡ್ಡಿಯೂ ಇಲ್ಲವೆಂದೆ. ಯಾರಿಗೆಂದು ತಿಳಿದಾಗ ನಾನೇ ಕಮತಗಿಗೆ ಹೇಳಿ ಕಳಿಸಿದೆ. ಮರುದಿನ ಗಂಗವ್ವ ಅಣ್ಣನ ಜೊತೆ ಚೌಕಿಗೆ ಬಂದಳು. ನೀಲವ್ವ ಎಮ್ಮೆ ಹಿಡಿದುಕೊಂಡು ಬಂದು ನಿಂತಿದ್ದಳು. ಸವತಿಯನ್ನು ನೋಡಿ ಮುಖ ಗಂಟು ಹಾಕಿದಳು. ನಿನ್ನ ಭಿಕ್ಷೆ ನನಗೆ ಬೇಡ ಎಂದಳು.

ನೀಲವ್ವ ಹಗ್ಗ ಮುಂದೆ ಹಿಡಿದಳು. "ಭಿಕ್ಷೆ ಅಲ್ಲಬೇ ಅಕ್ಕಾ. ನಿನ್ನ ಮಗಳ ಕೂಳ ನಮ್ಮ ಹಿತ್ತಲದಾಗ ಕಟ್ಟಿತ್ತು, ಬಿಚ್ಚಿಕೊಂಡು ಬಂದೇನಿ. ನಾಳಿ ನನಗೂ ಹೆಣ್ಣ ಹುಟ್ಟಿದ್ರ ನಾ ಯಾವ ಕಚೇರಿಗಿ ಅಡ್ಡ್ಯಾಡ್ಲಿ?"

ಗಂಗವ್ವ ಅವಳ ತುಂಬಿದ ಬಸುರಿನ ಕಡೆ ನೋಡಿದಳು. ಆಮೇಲೆ ಹಗ್ಗ ಹಿಡಿದಳು.

ತಿಂಗಳು ಮುಗಿಸಿ ಬಂದ ಗುರಪ್ಪ ನೆಟ್ಟಗೆ ಚೌಕಿಗೆ ನುಗ್ಗಿ, ಹೆಂಡತಿ ತನ್ನ ಎಮ್ಮೆ ಕದ್ದಳು, ಫಿರ್ಯಾದಿ ಬರೆದುಕೊಳ್ಳಿ ಎಂದು ಕೂಗಾಡಿದ. ಅದೇ ಮೂವರು ಪಂಚರನ್ನು ಕರೆಸಿದೆ. ಎಮ್ಮೆ ಯಾರದೆಂದು ಕೇಳಿದೆ. ಗುರಪ್ಪನದು ಎಂದರೆ ಸುಳ್ಳು ಸಹಿ ಹಾಕಿದ ಗುನ್ಹೆ ತಮ್ಮ ಕೊರಳಿಗೆ ಬರುತ್ತದೆಂದು ಅವರಿಗೆ ತಿಳಿಯಿತು. ಮರ್ಯಾದಸ್ಥರು ನೆಲ ನೋಡುತ್ತಾ, ನೀಲವ್ವನದೇ ಎಂದು ಗೊಣಗಿದರು.

ಅವನ ಗ್ರಹಚಾರ ಅಲ್ಲಿಗೇ ಮುಗಿಯಲಿಲ್ಲ. ಗುಡೂರಿನಲ್ಲಿದ್ದ ಅವನ ಅಣ್ಣ ಈ ಸುದ್ದಿ ಕೇಳಿ ಬಂಡಿ ಹೂಡಿಕೊಂಡು ಬಂದ. ಮಗ್ಗ ನನ್ನವೆಂದು ನೀನೇ ಬರೆಸಿದ್ದೀಯಂತೆ, ಒಯ್ಯುತ್ತೇನೆ ಎಂದ. ಅವನೂ ತಮ್ಮನ ರಕ್ತವೇ ಅಲ್ಲವೇ? ಆಗ ಗುರಪ್ಪ ಹುನಗುಂದಕ್ಕೆ ಓಡಿದ. ಮ್ಯಾಜಿಸ್ಟ್ರೇಟರ ಮುಂದೆ ಕೈಮುಗಿದು, ಮಗ್ಗಗಳು ನನ್ನವೇ, ಆವತ್ತು ಸುಳ್ಳು ಹೇಳಿದೆ ಎಂದ. ಕೈದಿನಿಂದ ಬಾಕಿ ಹರಿದಿಲ್ಲವೆಂದು ಅವರು ತಿಳಿಸಿದಾಗ ಪೂರ್ತಿ ಹಣ ಅಲ್ಲೇ ಎಣಿಸಿಕೊಟ್ಟ. ಮಗಳ ಮೇಲಿನ ಕರುಳಿಗೆ ಅಲ್ಲ, ಮಗ್ಗದ ಮೇಲಿನ ಕರುಳಿಗೆ. ಮಗ್ಗಗಳು ಅವನಲ್ಲೇ ಉಳಿದವು, ಅಲ್ಲಿಂದ ಮುಂದೆ ತಿಂಗಳ ಹಣವೂ ತಪ್ಪಲಿಲ್ಲ.

ನೀಲವ್ವನಿಗೆ ಹೆಣ್ಣೇ ಹುಟ್ಟಿತು. ಅವಳನ್ನು ತವರಿಗೆ ಅಟ್ಟುವ ಧೈರ್ಯ ಮಾತ್ರ ಗುರಪ್ಪನಿಗೆ ಬರಲಿಲ್ಲ.

ಕೆಲವು ವರ್ಷಗಳ ನಂತರ ಅಮೀನಗಡದಲ್ಲಿ ಅವನು ಎದುರಾದ. ಹೊಟ್ಟೆ ಬಂದಿತ್ತು. ಸಲಾಮು ಮಾಡಿ, ಬರ್ರಿ ಫಳಾರ ಮಾಡೋಣು ಎಂದು ಕರೆದ. ನಾನು ನಿಲ್ಲಲಿಲ್ಲ. ಕಳ್ಳರ ಜೊತೆ ಕುಳಿತು ರೊಟ್ಟಿ ತಿಂದಿದ್ದೇನೆ, ಅದರಲ್ಲಿ ನನಗೆ ನಾಚಿಕೆಯಿಲ್ಲ. ಕಳ್ಳ ಊರವರ ಮನೆಯಿಂದ ಕದ್ದು ತನ್ನ ಮಕ್ಕಳಿಗೆ ಉಣಿಸುತ್ತಾನೆ.

ಆ ಜಪ್ತಿಯಾದ ಮೇಲೆ ನನ್ನ ಕೆಲಸದ ರೀತಿಯಲ್ಲಿ ಒಂದು ಬದಲಾವಣೆಯಾಯಿತು. ಯಾವ ಮನೆಗೆ ವಾರಂಟು ಒಯ್ದರೂ, ರುಮಾಲಿನವರ ಸಹಿ ತೆಗೆದುಕೊಳ್ಳುವ ಮೊದಲು ಒಳಮನೆಯ ಹೆಂಗಸರನ್ನು ಹೊರಗೆ ಕರೆಸಿ, ಯಾವುದು ಯಾರದೆಂದು ಅವರನ್ನು ಕೇಳುತ್ತಿದ್ದೆ.