ಪೂಜೆಗೆ ಕೂರದ ಗರಗಸ

ಖಂಡೇ ಪೂಜೆ, ಅಂದರೆ ಆಯುಧ ಪೂಜೆಯ ದಿನ ನಮ್ಮಪ್ಪ ನನ್ನ ಮೇಲೆ ಸಿಟ್ಟಾಗಿ ಮನೆ ಬಿಟ್ಟು ಹೊರಟ. ದಾರಿಗೆ ಮರ ಅಡ್ಡ ಬಿತ್ತು. ಆ ಮರ ಕಡಿದು, ದಾರಿ ಬಿಡಿಸಿ, ಅಪ್ಪ ಸುಸೂತ್ರವಾಗಿ ಮನೆ ಬಿಟ್ಟು ಹೋಗುವಂತೆ ಮಾಡಿದವನು ನಾನೇ.

ಅದೂ ಯಾವುದರಿಂದ? ಯಾವುದರ ಮೇಲೆ ಅವನಿಗೆ ಸಿಟ್ಟು ಬಂದಿತ್ತೋ ಅದೇ ಮಷಿನ್‌ನಿಂದ.

ಇಂಥ ಮಗ ನಿಮ್ಮ ಮನೆಯಲ್ಲಿದ್ದಾನೆಯೇ?

ಮೊದಲಿಂದ ಹೇಳುತ್ತೇನೆ. ನನಗೊಂದು ಚಟವಿದೆ. (ಹೆಂಡತಿ ಅದನ್ನು ರೋಗ ಅನ್ನುತ್ತಾಳೆ.) ಹಳೆಯ ಚೈನ್‌ಸಾಗಳನ್ನು ಕೂಡಿಹಾಕಿ ರಿಪೇರಿ ಮಾಡುವುದು. ನಮ್ಮ ಕಡೆ ಕಟಿಂಗ್ ಮಷಿನ್ ಅನ್ನುತ್ತಾರಲ್ಲ, ಪೆಟ್ರೋಲ್ ಹಾಕಿ ಹಗ್ಗ ಜಗ್ಗಿದರೆ ಓಣಿಗೆಲ್ಲ ಕೇಳುವಂತೆ ಅರಚುತ್ತ ಮರ ಕಡಿಯುತ್ತದಲ್ಲ, ಅದು. ಈಗ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮೈಯವಲ್ಲ. ನಾನು ಹುಟ್ಟುವ ಮೊದಲು ದೊಡ್ಡ ಕಂಟ್ರಾಕ್ಟರುಗಳು ಹೊರದೇಶದಿಂದ ತರಿಸಿ, ದುಡಿಸಿ, ಕೊನೆಗೆ ಗುಜರಿಗೆ ಎಸೆದಂಥವು. ಮೈಯೆಲ್ಲ ಲೋಹ. ಎತ್ತಿದರೆ ಸೊಂಟ ಮಾತಾಡುತ್ತದೆ. ಸರಪಳಿಗೆ ಎಣ್ಣೆ ತಾನಾಗಿ ಹೋಗುವುದಿಲ್ಲ, ಹೆಬ್ಬೆರಳಿನಿಂದ ಒತ್ತುತ್ತಲೇ ಇರಬೇಕು. ಬ್ರೇಕ್ ಇಲ್ಲ. ನಡುಕ ತಡೆಯುವ ರಬ್ಬರ್ ಇಲ್ಲ. ಕಡಿಯುವವನ ಬೆರಳುಗಳ ವಿಷಯವನ್ನು ಕಂಪನಿ ಪೂರ್ತಿಯಾಗಿ ದೇವರಿಗೆ ಬಿಟ್ಟಿತ್ತು.

ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಅಕೌಂಟೆಂಟ್. ದಿನಾ ಹಾವೇರಿಯಿಂದ ಹೋಗಿ ಬರುವವನು. ಸಂಜೆ ಟ್ರೇನ್ ತಪ್ಪಿದರೆ ಉಳಿದವರು ರೈಲ್ವೆಯನ್ನು ಬೈಯುತ್ತ ಕೂರುತ್ತಾರೆ. ನಾನು ಗುಜರಿ ಅಂಗಡಿಗೆ ಹೋಗುತ್ತೇನೆ. (ಕೆಲವು ಸಲ ಟ್ರೇನ್ ತಾನಾಗಿ ತಪ್ಪುವುದಿಲ್ಲ. ತಪ್ಪಿಸಬೇಕಾಗುತ್ತದೆ.) ಹಾಗೆ ತಂದವು ಈಗ ಸೋಫಾದ ಹಿಂದೆ, ಮಂಚದ ಕೆಳಗೆ, ಬಚ್ಚಲ ಪಕ್ಕದಲ್ಲಿ ಬಿಚ್ಚಿ ಬಿದ್ದಿವೆ.

"ಮಂದಿ ಮನ್ಯಾಗ ನಾಯಿ ಸಾಕ್ತಾರ," ಅನ್ನುತ್ತಾಳೆ ಹೆಂಡತಿ. "ಕರೆದ್ರ ಬರ್ತಾವು. ನಿಮ್ಮವು ಹಗ್ಗಾ ಹಾಕಿ ಜಗ್ಗಿದ್ರೂ ಉಸಿರ ಬಿಡಂಗಿಲ್ಲ."

ಒಂದು ಮಾತ್ರ ಉಸಿರು ಬಿಡುತ್ತದೆ. ಅದು ಬ್ಯಾಡಗಿಯದು. ಅಲ್ಲಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಗೋದಾಮಿನಲ್ಲಿ, ಹರಿದ ಚೀಲಗಳ ಕೆಳಗೆ ವರ್ಷಗಟ್ಟಲೆ ಮಲಗಿತ್ತು. ಮೈಮೇಲೆ ಬೆರಳು ದಪ್ಪದ ಕೆಂಪು ಪುಡಿ. ಏರ್ ಫಿಲ್ಟರ್ ಬಿಚ್ಚಿದರೆ ಒಂದು ವಾರದ ಸಾರಿಗಾಗುವಷ್ಟು ಖಾರ. ಕಾರ್ಬುರೇಟರಿನ ಒಳಗಿನ ರಬ್ಬರ್ ಪರದೆ ಹಪ್ಪಳವಾಗಿತ್ತು. ಹೊಸದು ಸಿಗಲಿಲ್ಲ. ಬೇರೆ ಮಷಿನ್‌ನದನ್ನು ಕತ್ತರಿಸಿ ಕೂರಿಸಿದೆ. ಎಷ್ಟೋ ಭಾನುವಾರಗಳು ಅದಕ್ಕೇ ಹೋದವು.

ಮೊದಲ ಸಲ ಸ್ಟಾರ್ಟ್ ಆದಾಗ ಸೈಲೆನ್ಸರ್‌ನಲ್ಲಿ ಉಳಿದಿದ್ದ ಪುಡಿಯೆಲ್ಲ ಸುಟ್ಟು ಹೊರಬಂತು. ಇಡೀ ಓಣಿ ಸೀನಿತು. ಎದುರು ಮನೆಯ ಎಮ್ಮೆ ಕೂಡ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಯಾರು ಹೇಳಿದ್ದು? ಅವರು ಅದನ್ನು ಸೈಲೆನ್ಸರ್ ಮೂಲಕ ಮೂಸಿಲ್ಲ.

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

ಅಪ್ಪ ರಾಣೆಬೆನ್ನೂರಿನ ಕಟ್ಟಿಗೆ ಅಡ್ಡೆಯಲ್ಲಿ ಹಲಗೆ ಕೊಯ್ಯುತ್ತಿದ್ದವನು. ಆ ಅಡ್ಡೆಯಲ್ಲಿ ಮಷಿನ್ ಎಲ್ಲಿಯದು? ದೊಡ್ಡ ತಗ್ಗು ತೋಡಿ, ಮೇಲೆ ದಿಮ್ಮಿ ಅಡ್ಡ ಇಟ್ಟು, ಇಬ್ಬರು ಉದ್ದನೆಯ ಗರಗಸ ಜಗ್ಗುವುದು. ಒಬ್ಬ ದಿಮ್ಮಿಯ ಮೇಲೆ, ಇನ್ನೊಬ್ಬ ತಗ್ಗಿನಲ್ಲಿ. ಅಪ್ಪ ತಗ್ಗಿನ ಆಳು. ಕೊಯ್ದ ಮರದ ಹೊಟ್ಟೆಲ್ಲ ಅವನ ಕಣ್ಣಿಗೆ, ಬಾಯಿಗೆ. ಸಂಜೆ ಮನೆಗೆ ಬಂದರೆ ಮೊದಲು ಕೆಮ್ಮುತ್ತಿದ್ದ, ಆಮೇಲೆ ನನ್ನ ಪಾಟಿ ನೋಡುತ್ತಿದ್ದ. ತಲೆಕೆಳಗಾಗಿ ಹಿಡಿದು ನೋಡಿದರೂ "ಚಲೋ ಬರದೀ" ಅನ್ನುತ್ತಿದ್ದ.

ಆ ತಗ್ಗಿನಿಂದಲೇ ನನ್ನ ಬಿ.ಕಾಂ. ಬಂತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. (ಅಜ್ಜನೂ ಹತ್ತಿದ್ದ. ಸುಣ್ಣ ಬಳಿಯಲು.) ಕಾಸ್ಟ್ ಅಕೌಂಟಿಂಗ್ ನನ್ನನ್ನು ಎರಡು ಸಲ ಒದ್ದು ಹೊರಗೆ ಹಾಕಿತು. ಮೂರನೇ ಸಲ ನಾನೇ ಬಾಗಿಲು ಮುರಿದು ಒಳಗೆ ಹೋದೆ. ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಯಾರಿಗಾದರೂ ಬೇಜಾರಾದರೆ ಅವರೂ ಒಂದು ಸಲ ಆ ಪೇಪರ್ ಬರೆದು ನೋಡಲಿ.

ಸರ್ಟಿಫಿಕೇಟ್ ಬಂದ ವಾರ ಅಪ್ಪ ತನ್ನ ಗರಗಸವನ್ನು ಗುಜರಿಗೆ ಹಾಕಿದ. ಆ ವರ್ಷದ ಖಂಡೇ ಪೂಜೆಯಲ್ಲಿ ಗರಗಸ ಇಡುತ್ತಿದ್ದ ಜಾಗದಲ್ಲಿ ನನ್ನ ಸರ್ಟಿಫಿಕೇಟ್ ಇಟ್ಟ. ಅನ್ನ ಕೊಡುವ ಆಯುಧಕ್ಕಲ್ಲವೇ ಪೂಜೆ? ಅಂದಿನಿಂದ ಪ್ರತಿ ವರ್ಷ ಅದಕ್ಕೇ ವಿಭೂತಿ, ಅದಕ್ಕೇ ಕುಂಕುಮ, ಅದಕ್ಕೇ ಚೆಂಡು ಹೂವು. ಲ್ಯಾಮಿನೇಷನ್ ಮೇಲೆ ಕುಂಕುಮ ಹತ್ತಿ ನನಗೆ ಬಂದ ಕ್ಲಾಸು ಈಗ ಕಾಣುವುದಿಲ್ಲ. (ಕಾಣದಿರುವುದೇ ಒಳ್ಳೆಯದು.)

ಈ ವರ್ಷ ನಾನು ಬ್ಯಾಡಗಿಯ ಚೈನ್‌ಸಾ ಒರೆಸಿ ತಂದು ಸರ್ಟಿಫಿಕೇಟಿನ ಪಕ್ಕದಲ್ಲಿ ಇಟ್ಟೆ.

"ತಗೀ ಅದನ್ನ," ಅಂದ ಅಪ್ಪ.

"ಇರ್ಲಿ ಬಿಡಪಾ. ಹೊಲಿಗಿ ಮಷಿನ್ ಐತಿ, ಸ್ಕೂಟರ್ ಐತಿ, ಇದೊಂದು ಇದ್ರ ಏನಾತು?"

"ಏನಾತು? ನಾ ತಗ್ಗಿನ್ಯಾಗ ನಿಂತು ಹೊಟ್ಟು ತಿಂದದ್ದು ನಿನ್ನ ಕೈಗೆ ಗರಗಸ ಬರಬಾರ್ದು ಅಂತ. ನೀ ಪಗಾರ ಕೊಟ್ಟು ಗರಗಸ ತರ್ತೀ. ತಂದು ಬಿ.ಕಾಂ. ಬಾಜೂಕ ಕುಂದ್ರಸ್ತೀ! ಹಬ್ಬ ಮುಗೀಲಿ, ಎಲ್ಲಾ ಗುಜರಿಗೆ ಹೋಗ್ಬೇಕು. ಇಲ್ಲಂದ್ರ ನಾ ಈ ಮನ್ಯಾಗ ಇರಂಗಿಲ್ಲ."

ನಾನು ಸುಮ್ಮನಿರಬೇಕಿತ್ತು. ಓದಿದವನಲ್ಲವೇ, ಹೇಗೆ ಸುಮ್ಮನಿರುತ್ತೇನೆ? "ನಿನ್ನ ಗರಗಸಾನೂ ಇಟ್ಕೊಂಡಿದ್ರ ಅದಕ್ಕೂ ಪೂಜಿ ಮಾಡ್ತಿದ್ದೆ," ಅಂದೆ.

ಅಪ್ಪ ಚೈನ್‌ಸಾವನ್ನು ತಾನೇ ಎತ್ತಿ ಕಟ್ಟೆಯ ಮೇಲೆ ಇಟ್ಟ. ಪೂಜೆ ಮುಗಿಸಿದ. ಊಟ ಮಾಡಿದ. (ಹೋಳಿಗೆ ಬಿಟ್ಟು ಸಿಟ್ಟಾಗುವ ಪೈಕಿ ಅಲ್ಲ ನಮ್ಮವರು.) ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು, ಓಣಿಯ ಆಟೋ ಮಾಂತೇಶನನ್ನು ಕರೆದು, ಅಗಡಿ ಊರಿನ ತನ್ನ ತಂಗಿಯ ಮನೆಗೆ ನಡಿ ಅಂದ.

ಅಷ್ಟರಲ್ಲಿ ಗಾಳಿ ಎದ್ದಿತು. ಹಿಂದೆಯೇ ದಪ್ಪ ಹನಿಯ ಮಳೆ. ಆಟೋ ಓಣಿಯ ತುದಿ ಮುಟ್ಟುವ ಹೊತ್ತಿಗೆ ಅಲ್ಲಿದ್ದ ಗುಲ್‌ಮೊಹರ್ ಮರ ಲಟಲಟ ಅನ್ನುತ್ತ ರಸ್ತೆಗೆ ಅಡ್ಡ ಮಲಗಿತು. ಯಾರಿಗೂ ಏನೂ ಆಗಲಿಲ್ಲ. ನಮ್ಮ ಓಣಿಗೆ ಇರುವುದು ಅದೊಂದೇ ದಾರಿ.

ಮಳೆ ನಿಂತ ಮೇಲೆ ಎಲ್ಲರೂ ಸೇರಿದೆವು. ಫೋನ್ ಮಾಡಬೇಕಾದವರಿಗೆಲ್ಲ ಮಾಡಿದೆವು. ಎತ್ತಲಿಲ್ಲ. (ಅವರ ಫೋನೂ ಪೂಜೆಗೆ ಕೂತಿತ್ತೇನೋ.) ಮರಗೆಲಸದ ಬಸಣ್ಣನ ಹತ್ತಿರ ಮಷಿನ್ ಇತ್ತು. ಅವನು ಕೈ ಮುಗಿದ.

"ಪೂಜಿಗೆ ಕುಂತೈತ್ರಿ ಸರ. ನಾಳೆ ಪೂಜಿ ಇಳಿಸೂತನಕ ಮುಟ್ಟಂಗಿಲ್ಲ."

ಒಂದು ಮನೆಯ ಕೊಡಲಿ ಪೂಜೆಗೆ ಕೂತಿತ್ತು. ಇನ್ನೊಂದು ಮನೆಯ ಕುಡಗೋಲು ಪೂಜೆಗೆ ಕೂತಿತ್ತು. ಓಣಿಯ ಕಬ್ಬಿಣವೆಲ್ಲ ಹೂ ಮುಡಿದು ಕೂತಿತ್ತು. ಓಡುತ್ತಿದ್ದದ್ದು ಆಟೋ ಒಂದೇ. ಯಾಕಪ್ಪಾ ಎಂದರೆ ಮಾಂತೇಶ, "ಇದಕ್ಕ ಓಡೋದ ಪೂಜಿರಿ," ಅಂದ. ಬಾಡಿಗೆ ಬಂದರೆ ಶಾಸ್ತ್ರ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ.

ಬಸಣ್ಣ ನಮ್ಮ ಮನೆಯ ಕಟ್ಟೆಯ ಕಡೆ ನೋಡಿದ. "ಸರ, ನಿಮ್ಮದು?"

"ನಮ್ಮದು ಪೂಜಿಗೆ ಕುಂತಿಲ್ಲ."

"ಯಾಕ್ರಿ?"

ನಾನು ಆಟೋದ ಕಡೆ ನೋಡಿದೆ. ಎಲ್ಲರೂ ಆಟೋದ ಕಡೆ ನೋಡಿದರು. ಅಪ್ಪ ಇನ್ನೊಂದು ಪಕ್ಕಕ್ಕೆ ನೋಡಿದ. ಅವನು ಇನ್ನೂ ಆಟೋದಿಂದ ಇಳಿದಿರಲಿಲ್ಲ. ಇಳಿದರೆ ಹೋಗುವುದೆಲ್ಲಿಗೆ? ಬಿಟ್ಟು ಬಂದ ಮನೆಗೇ.

ನಾನು ಚೈನ್‌ಸಾ ಎತ್ತಿಕೊಂಡು ಬಂದೆ. ಹೆಂಗಸರೆಲ್ಲ ಮುಂಚೆಯೇ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅನುಭವಸ್ಥರು.

"ಮಾಂತೇಶ, ಅಂವಗ ಹೇಳು," ಅಂದ ಅಪ್ಪ, ನಾನು ಎರಡು ಮಾರು ದೂರದಲ್ಲಿ ನಿಂತಿರುವಾಗಲೇ. "ಬಿ.ಕಾಂ. ಆದಾವ ಬೀದ್ಯಾಗ ನಿಂತು ಕಟ್ಟಿಗಿ ಕಡಿಯೋದು ಬ್ಯಾಡಂತ."

"ಹಂಗಾರ ಇಳೀರಿ ಅಜ್ಜಾರ, ಮನಿಗೆ ನಡೀರಿ," ಅಂದ ಮಾಂತೇಶ.

ಅಪ್ಪ ಲೆಕ್ಕ ಹಾಕಿದ. ಮಗ ಮಂದಿಯ ಮುಂದೆ ಕಟ್ಟಿಗೆ ಕಡಿಯುವುದು ಒಂದು ಅವಮಾನ. ಅದೇ ಮಂದಿಯ ಮುಂದೆ ತಾನು ವಾಪಸ್ ಮನೆಗೆ ನಡೆಯುವುದು ಇನ್ನೊಂದು.

"ಲಗೂ ಮುಗಸಂತ ಹೇಳು ಅಂವಗ."

ಹಗ್ಗ ಜಗ್ಗಿದೆ. ಕೆಮ್ಮಿತು. ಮತ್ತೆ ಜಗ್ಗಿದೆ. ಕೆಮ್ಮಲೂ ಇಲ್ಲ. "ಪೂಜಿ ಮಾಡಿಲ್ಲ ಅಂತ ಸಿಟ್ಟಾಗೈತ್ರಿ," ಅಂದ ಒಬ್ಬ. "ಒಂದು ಹೋಳಿಗಿ ತಿನ್ನಸ್ರಿ ಅದಕ್ಕ," ಅಂದ ಇನ್ನೊಬ್ಬ. ನನ್ನ ಡಿಗ್ರಿ, ನನ್ನ ಕೆಲಸ, ನನ್ನ ಭಾನುವಾರಗಳೆಲ್ಲ ಆ ಹಗ್ಗದ ತುದಿಗೆ ನೇತಾಡುತ್ತಿದ್ದವು. ಇದು ಇವತ್ತು ಹೊತ್ತಿಕೊಳ್ಳದಿದ್ದರೆ ನಾಳೆ ಇದನ್ನು ಗುಜರಿಗೆ ಹೊರುವವನು ನಾನೇ. ಚೋಕ್ ಒಳಗೆ ತಳ್ಳಿ, ಕಾಲಿನಿಂದ ಹಿಡಿಕೆ ಒತ್ತಿ, ಇದ್ದಬದ್ದ ಶಕ್ತಿ ಹಾಕಿ ಜಗ್ಗಿದೆ.

ಹೊತ್ತಿಕೊಂಡಿತು. ಓಣಿ ಸೀನಿತು.

ಟೊಂಗೆಗಳನ್ನು ಮೊದಲು ಬಿಡಿಸಿ, ಬೊಡ್ಡೆಯನ್ನು ತುಂಡು ತುಂಡಾಗಿ ಕೊಯ್ದೆ. ಹೊಟ್ಟೆಲ್ಲ ನನ್ನ ಹಬ್ಬದ ಬಿಳಿ ಅಂಗಿಗೆ, ಕಣ್ಣಿಗೆ, ಬಾಯಿಗೆ. ಉಗುಳಲು ಒಮ್ಮೆ ನಿಂತೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ನಾನು ನೋಡಿದ ಕೂಡಲೇ ಆಟೋದ ಮೀಟರ್ ನೋಡತೊಡಗಿದ. (ಅದು ಕೆಟ್ಟು ಯಾವ ಕಾಲವಾಯಿತೋ.)

ಆಗ ನನಗೂ ಸ್ವಲ್ಪ ಚುರುಕ್ ಅಂದಿತು. ಅಪ್ಪನಿಗೆ ಗರಗಸ ಹೊಟ್ಟೆಪಾಡು. ನನಗದು ಭಾನುವಾರ. ಆ ವ್ಯತ್ಯಾಸವನ್ನು ತಗ್ಗಿನಲ್ಲಿ ನಿಂತು ಸಂಪಾದಿಸಿದವನು ಅವನು. ಹಾಗಂತ ನಾನು ಕೈ ಕಟ್ಟಿಕೊಂಡು ಕೂರಬೇಕೇ? ಜಿಮ್ಮಿಗೆ ಹೋಗಿ ಕಬ್ಬಿಣ ಎತ್ತಿದರೆ ಫಿಟ್‌ನೆಸ್. ಅದೇ ಕೈ ಮನೆಯ ಮುಂದೆ ಕಬ್ಬಿಣ ಎತ್ತಿದರೆ ಮರ್ಯಾದೆಯ ಪ್ರಶ್ನೆ. ಇದು ಯಾವ ಕಾಲೇಜಿನ ಸಿಲಬಸ್?

ದಾರಿಯಾಯಿತು. ಮಾಂತೇಶ ಆಟೋ ಸ್ಟಾರ್ಟ್ ಮಾಡಿದ. ಹೊರಟವನು ಹೋಗಲೇಬೇಕಲ್ಲ, ಅಪ್ಪ ಹೊರಟ. ನನ್ನ ಪಕ್ಕಕ್ಕೆ ಬಂದಾಗ ಕೊಯ್ದ ಬೊಡ್ಡೆಯ ಮುಖ ನೋಡಿ ಮಾಂತೇಶನಿಗೆ ಏನೋ ಅಂದ. ಆಟೋ ನಿಂತಿತು. ಮಾಂತೇಶ ತಲೆ ಹೊರಗೆ ಹಾಕಿದ.

"ಸರ, ಕೊಯ್ತ ನೀಟ ಐತಿ ಅಂತ ನಿಮಗ ಹೇಳಬ್ಯಾಡ ಅಂದಾರ ಅಜ್ಜಾರು."

ಮರುದಿನ ಸಂಜೆ ಅಪ್ಪ ಅದೇ ಆಟೋದಲ್ಲಿ ಬಂದ. ಒಂದು ಕೈಯಲ್ಲಿ ಬನ್ನಿ ಎಲೆ. ಕಾಲ ಬಳಿ ಒಂದು ಗೋಣಿ ಚೀಲ. ಬನ್ನಿ ಕೊಟ್ಟ. ನಾನು ಕಾಲಿಗೆ ಬಿದ್ದೆ. ಚೀಲವನ್ನು ಕಾಲಿನಿಂದಲೇ ನನ್ನ ಕಡೆ ಸರಿಸಿದ. ಬಾಯಿ ಬಿಚ್ಚಿದರೆ ಒಳಗೆ ತುಕ್ಕು ಹಿಡಿದ ಹಳೆಯ ಚೈನ್‌ಸಾ.

"ನಿಮ್ಮತ್ತಿ ಮಗಂದು. ಸುರು ಆಗವಲ್ದಂತ."

"ಇದನ್ನೂ ಗುಜರಿಗೆ ಹಾಕ್ಲೇನಪಾ, ಉಳಿದವುಗಳ ಜೋಡಿ?"

"ಹಾಕು. ನಿಮ್ಮತ್ತಿಗೆ ನೀನ ಹೇಳು." ಒಳಗೆ ಹೊರಟವನು ಬಾಗಿಲಲ್ಲಿ ನಿಂತ. "ಅಲ್ಲೆ ಎಲ್ಲಾರಿಗೂ ಹೇಳೇನಿ, ಅಂವ ರಿಪೇರಿಯವ ಅಲ್ಲ, ಬಿ.ಕಾಂ. ಅಂತ. ರಿಪೇರಿ ಹಂಗ ಸುಮ್ನ ಮಾಡ್ತಾನ ಅಂತ."

ಗುಜರಿಯ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಪೂಜೆ ಇಳಿಸಿದೆವು. ಹೆಂಡತಿ ಹೊಲಿಗೆ ಮಷಿನ್ ಎಳೆದುಕೊಂಡು ಕೂತಳು. ನಾನು ಸ್ಕೂಟರಿನ ಹೂವು ಕಿತ್ತೆ. ಅಪ್ಪ ಸರ್ಟಿಫಿಕೇಟನ್ನು ಧೋತರದ ಚುಂಗಿನಿಂದ ಒರೆಸಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಯಾರ ಕೈಗೂ ಎಟುಕದಂತೆ ಅಲ್ಮೇರಾದ ಮೇಲಿಟ್ಟ.

ಉಳಿದ ಆಯುಧಗಳೆಲ್ಲ ಮರುದಿನವೇ ಕೆಲಸಕ್ಕೆ ಇಳಿಯುತ್ತವೆ. ಇದೊಂದನ್ನು ನಾವು ಪೂಜೆಯಿಂದ ಇಳಿಸುವುದು ಯಾವಾಗ?