ಗುಡಿ ಗುಡಿಸುವ ನೆಕಾವಲ್

ನಮ್ಮತ್ತೆಯ ಹೆಸರು ನೆಕಾವಲ್. ಹಾಗೆಂದರೆ ಹಿಂದೆ ಉಳಿದವಳು. ಆಕೆ ಇನ್ನೂ ಹೊಟ್ಟೆಯಲ್ಲಿದ್ದಾಗ ಅಪ್ಪ ಚಾಲ್ಕೊದವರ ಮೇಲಿನ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಅದಕ್ಕೇ ತಾಯಿ ಮಗುವಿಗೆ ಆ ಹೆಸರಿಟ್ಟಳು. ಇಂಥ ಹೆಸರಿನ ಹೆಂಗಸರು ಕೆರೆ ನಡುವಿನ ನಮ್ಮ ಟೆನೋಚ್ಟಿಟ್ಲಾನಿನಲ್ಲಿ ಕೇರಿಗೆ ಮೂರ್ನಾಲ್ಕು ಜನ ಸಿಗುತ್ತಾರೆ. ಹೆಚ್ಚಿನವರು ಆ ಹೆಸರಿನ ಭಾರಕ್ಕೆ ತಲೆ ತಗ್ಗಿಸಿಯೇ ನಡೆಯುತ್ತಾರೆ. ಅತ್ತೆ ಮಾತ್ರ ಅದನ್ನು ಬಿರುದಿನ ಹಾಗೆ ಹೇಳಿಕೊಳ್ಳುತ್ತಿದ್ದಳು. "ಹೌದು ಕಣ್ರೇ, ನೀವೆಲ್ಲ ಹೋದ್ಮೇಲೂ ಉಳಿಯೋಳು ನಾನೇ. ಜಗಳ ಆಡೋದಾದ್ರೆ ಯೋಚ್ನೆ ಮಾಡಿ ಆಡಿ."

ಗಂಡನಿಲ್ಲದ ತಾಯಿ ಹಸುಗೂಸನ್ನು ಎತ್ತಿಕೊಂಡು ನಮ್ಮ ನೀರಂಚಿನ ಕೇರಿಯ ಗುಡಿಗೆ ಹೋದಳಂತೆ. ಒಂದು ಪುಟ್ಟ ಪೊರಕೆ, ಒಂದು ಹಿಡಿ ಧೂಪವನ್ನು ಪೂಜಾರಿಯ ಮುಂದಿಟ್ಟು, "ಇವಳು ಪಚ್ಚೆಲಂಗದ ತಾಯಿಯ ಮಗಳು, ದೊಡ್ಡವಳಾದ ಮೇಲೆ ಇಲ್ಲಿಗೇ ಬರುತ್ತಾಳೆ" ಎಂದು ಹರಕೆ ಹೊತ್ತಳಂತೆ. ಪಚ್ಚೆಲಂಗದ ತಾಯಿ ನಮ್ಮ ಕೇರಿಯ ದೇವರು. ಕೆರೆ, ಹೊಳೆ, ಚಿಲುಮೆ, ಬಾಣಂತಿಮನೆಯ ಬೋಗುಣಿಯ ನೀರು ಎಲ್ಲವೂ ಅವಳದೇ.

ಹುಡುಗಿ ಬೆಳೆದಳು, ಗುಡಿಯ ಹಿಂದಿನ ಹೆಣ್ಣುಮಕ್ಕಳ ಮನೆ ಸೇರಿದಳು. ಬೆಳಕು ಹರಿಯುವ ಮೊದಲೇ ಅಂಗಳ ಗುಡಿಸಬೇಕು, ಕತ್ತಾಳೆ ಮುಳ್ಳಿನಿಂದ ಕಿವಿ ಚುಚ್ಚಿಕೊಂಡು ನೆತ್ತರ ಹನಿ ಅರ್ಪಿಸಬೇಕು, ದೇವರಿಗೆ ಬಟ್ಟೆ ನೇಯಬೇಕು, ಎಡೆಗೆ ಮುಸುಕಿನ ಜೋಳ ಅರೆಯಬೇಕು. ಕೊನೆಗಾಲದವರೆಗೂ ಆಕೆಯ ಕಿವಿಯ ಅಂಚು ಇಲಿ ಕಡಿದ ಚಾಪೆಯ ಹಾಗಿತ್ತು. ಆದರೆ ಆಕೆಗೆ ನಿಜವಾದ ಪಾಠವಾದದ್ದು ಪೊರಕೆಯಿಂದ. ಕೇರಿಯಲ್ಲಿ ಯಾರಿಗೆ ಏನಾಗಬೇಕಾದರೂ ಗುಡಿಯ ಅಂಗಳಕ್ಕೇ ಬರಬೇಕಲ್ಲ. ಹಿರಿಯರು ಕೂತು ಯಾವ ತೋಟ ಯಾರಿಗೆ ಎಂದು ತೀರ್ಮಾನಿಸುತ್ತಿದ್ದದ್ದು ಅಲ್ಲಿ. ಹುಡುಗರು ಗುರಾಣಿ ಹಿಡಿಯಲು ಕಲಿಯುತ್ತಿದ್ದದ್ದು ಪಕ್ಕದ ಪಡಸಾಲೆಯಲ್ಲಿ. ಬಿತ್ತನೆ ಜೋಳ ಕೂಡಿಡುತ್ತಿದ್ದದ್ದು ಹಿಂದಿನ ಕಣಜದಲ್ಲಿ. ಸಂಜೆಯಾದರೆ ಹುಡುಗ ಹುಡುಗಿಯರ ಹಾಡು, ಕುಣಿತ. ತಲೆ ಬಗ್ಗಿಸಿ ಕಸ ಗುಡಿಸುವ ಹುಡುಗಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಎಲ್ಲ ಮಾತೂ ಅವಳ ಕಿವಿಗೆ ಬೀಳುತ್ತಿತ್ತು.

ಮಾತ್ಲಾಲ್ ಎಂಬ ದೋಣಿಯವನು ಗುಡಿಯ ದುರಸ್ತಿಗೆ ಗರಸು ಮಣ್ಣು ತರುತ್ತಿದ್ದ. ಈಕೆ ಗುಡಿಸಿದ ಕಡೆಯೇ ಬುಟ್ಟಿ ಓರೆ ಮಾಡಿ ಒಂದಿಷ್ಟು ಚೆಲ್ಲುತ್ತಿದ್ದ.

"ಏನಯ್ಯಾ, ಕೈಯಲ್ಲಿ ಬಲ ಇಲ್ವಾ?" ಎಂದು ಈಕೆ ಒಂದು ದಿನ ಕೇಳಿದಳು.

"ಬಲ ಇದೆ. ನೀನು ಬೈಲಿ ಅಂತ ಚೆಲ್ದೆ."

ಅದೇ ವರ್ಷ ಅವನ ಕಡೆಯ ಮುದುಕಿಯರು ಹೆಣ್ಣು ಕೇಳಲು ಬಂದರು. ತಾಯಿ ಗುಡಿಗೆ ಧೂಪ, ಪುರಲೆ ಹಕ್ಕಿ, ಕಡುಬು ಒಪ್ಪಿಸಿ ಮಗಳನ್ನು ಬಿಡಿಸಿಕೊಂಡು ಬಂದು ಮದುವೆ ಮಾಡಿದಳು. ಹಾಗೆ ಬಿಡಿಸಿಕೊಳ್ಳುವುದು ತಪ್ಪಲ್ಲ, ನಮ್ಮಲ್ಲಿ ನಡೆದುಬಂದದ್ದೇ. ಒಬ್ಬ ಮಗ ಹುಟ್ಟಿದ. ಆ ಮಗನನ್ನೇ ನಾನು ಕಟ್ಟಿಕೊಂಡದ್ದು.

ನಾನು ಶೋಕೊ, ತವರಿನಲ್ಲಿ ಕೊನೆಯವಳು. ನಾನು ಆ ಮನೆಗೆ ಬರುವ ಹೊತ್ತಿಗೆ ಮಾವ ಮಾತ್ಲಾಲ್ ಮೈಗೆ ನೀರು ತುಂಬಿ ತೀರಿಹೋಗಿದ್ದ. ಅತ್ತೆ ಮತ್ತೆ ಪೊರಕೆ ಹಿಡಿದು ಗುಡಿಗೆ ಸೇರಿ, ಅಲ್ಲಿನ ಹುಡುಗಿಯರಿಗೆಲ್ಲ ಯಜಮಾನಿಯಾಗಿದ್ದಳು. ಗುಡಿಯಲ್ಲಿ ಅವರನ್ನು ಗದರಿಸಿ ಮಿಕ್ಕಿದ್ದನ್ನು ಮನೆಗೆ ತಂದು ನನಗೆ ಬಡಿಸುತ್ತಿದ್ದಳು. "ಏನೇ ಶೋಕೊ, ಜೋಳ ಅರೀತಿದೀಯೋ, ಇಲ್ಲಾ ಕಲ್ಲಿನ ಬೆನ್ನು ಸವರ್ತಿದೀಯೋ?"

ಮದುವೆಯಾದ ಹೊಸದರಲ್ಲಿ ನನ್ನ ಗಂಡ ಯುದ್ಧದಲ್ಲಿ ವೆಶೋತ್ಸಿಂಕೊದ ಒಬ್ಬನನ್ನು ಜೀವಂತ ಸೆರೆಹಿಡಿದು ತಂದ. ಕೇರಿಗೆ ಕೇರಿಯೇ ಹಿಗ್ಗಿತು. ಗಂಡನಿಗೆ ಬಣ್ಣದ ಹೊದಿಕೆ, ಹಿರಿಯರ ಸಾಲಿನಲ್ಲಿ ಜಾಗ. ಸೆರೆಯಾಳು ಹಬ್ಬದಲ್ಲಿ ಬಲಿ ಕೊಡುವವರೆಗೆ ನಮ್ಮ ಗುಡಿಯ ಕಾವಲುಮನೆಯಲ್ಲೇ ಇದ್ದ. ಕಟ್ಟಳೆಯಂತೆ ನನ್ನ ಗಂಡ ಅವನನ್ನು "ಮಗನೇ" ಎನ್ನಬೇಕು, ಅವನು "ಅಪ್ಪಾ" ಎನ್ನಬೇಕು. ಇಬ್ಬರದೂ ಒಂದೇ ವಯಸ್ಸು. ಅವನಿಗೆ ಊಟ ಒಯ್ಯುತ್ತಿದ್ದವಳು ಅತ್ತೆ.

"ಅಮ್ಮಾ, ನಮ್ಮೂರಲ್ಲಿ ಕಡುಬಿಗೆ ಕೆಂಪು ಕಾಳು ತುಂಬ್ತಾರೆ" ಎಂದ ಒಂದು ದಿನ.

"ಸೆರೆ ಸಿಕ್ಕೋನಿಗೆ ನಾಲಿಗೆ ಬೇರೆ ಉದ್ದ" ಎಂದು ಗೊಣಗುತ್ತಲೇ ಅತ್ತೆ ಸಂತೆಯನ್ನೆಲ್ಲ ಅಲೆದು ಕೆಂಪು ಕಾಳು ತಂದಳು.

ಹಬ್ಬದ ದಿನ ಅವನು ಊರ ನಡುವಿನ ದೊಡ್ಡಗುಡಿಯ ಮೆಟ್ಟಿಲು ಹತ್ತಿ ಹೋದ. ತಲೆ ಎತ್ತಿ, ತನ್ನೂರಿನ ಹೆಸರು ಕೂಗುತ್ತ ಹತ್ತಿದ. ಆ ದಿನ ಕೇರಿಯವರೆಲ್ಲ ನಮ್ಮ ಮನೆಯಲ್ಲಿ ಉಂಡರು. ಅತ್ತೆ ಬಡಿಸಿದಳು, ತಾನು ಮುಟ್ಟಲಿಲ್ಲ. ಕೈ ತೊಳೆಯುವಾಗ ನನ್ನೊಬ್ಬಳಿಗೆ ಮಾತ್ರ ಹೇಳಿದಳು, "ಬಲಿಯಾಗಿ ಸೂರ್ಯನ ಜೊತೆ ನಡೆಯೋ ಭಾಗ್ಯ ಅವನ್ದು. ಅದರಲ್ಲಿ ಅನುಮಾನ ಇಲ್ಲ. ಆದ್ರೆ ಅವನ ತಾಯಿ ಇನ್ಮೇಲೆ ಯಾರಿಗೆ ಕಡುಬು ಕಟ್ತಾಳೋ." ಮತ್ತೆ ಆ ಮಾತು ಎತ್ತಲಿಲ್ಲ.

ನೀರಿನ ವರ್ಷದ ವಿಷಯಕ್ಕೆ ಬರುತ್ತೇನೆ. ಟೆನೋಚ್ಟಿಟ್ಲಾನಿನಲ್ಲಿ ಈಗಲೂ ಹಳಬರು ವಯಸ್ಸು ಹೇಳುವಾಗ "ನೀರಿಗೆ ಮುಂಚೆ, ನೀರು ಬಂದ ಮೇಲೆ" ಎನ್ನುತ್ತಾರೆ. ಆಚೆ ದಡದ ಚಿಲುಮೆಯ ಸಿಹಿನೀರನ್ನು ಊರಿಗೆ ತರಲು ಹೊಸ ಕಾಲುವೆ ಕಟ್ಟಿಸಿದ್ದರು. ಮೊದಲ ನೀರು ಬಂದ ದಿನ ಪೂಜಾರಿಗಳು ಧೂಪ ಹಾಕಿ, ಕೊಳಲೂದಿ ಅದನ್ನು ಎದುರುಗೊಂಡರು. ನಾವೂ ಬೊಗಸೆಯಲ್ಲಿ ಹಿಡಿದು ಕುಡಿದು ಕುಣಿದೆವು. ಆಮೇಲೆ ಅದು ನಿಲ್ಲಲಿಲ್ಲ. ಕೆರೆ ಉಬ್ಬಿತು. ಮೊದಲು ತೋಟಗಳು ಮುಳುಗಿದವು, ಜೋಳದ ತೆನೆ ನಿಂತಲ್ಲೇ ಕೊಳೆಯಿತು. ಒಂದು ಬೆಳಗ್ಗೆ ಎದ್ದರೆ ಒಲೆಯ ಮೂರು ಕಲ್ಲು ನೀರಿನೊಳಗೆ. ದೊಡ್ಡ ದೋಣಿ ಇದ್ದವರು ಆಚೆ ದಡಕ್ಕೆ ಹೋದರು. ಮಣ್ಣಿನ ಗೋಡೆಗಳು ಒಂದೊಂದಾಗಿ ಕುಸಿಯತೊಡಗಿದವು. ಕೇರಿಯಲ್ಲಿ ಎತ್ತರದ ಜಾಗ ಇದ್ದದ್ದು ಒಂದೇ, ಗುಡಿಯ ಮೇಲಿನ ಜಗಲಿ.

ಜಗಲಿಗೆ ಪೂಜಾರಿಗಳಲ್ಲದೆ ಬೇರೆಯವರು ಕಾಲಿಡುವಂತಿಲ್ಲ. ನಮ್ಮ ಪೂಜಾರಿ ಚಿಮಾಲ್ ಕೆಟ್ಟವನಲ್ಲ. ಮೈಗೆಲ್ಲ ಮಸಿ ಬಳಿದುಕೊಂಡು, ಜಡೆಗಟ್ಟಿದ ಕೂದಲು ಬಿಟ್ಟುಕೊಂಡು ಮೆಟ್ಟಿಲ ನಡುವೆ ಅಡ್ಡ ನಿಂತಿದ್ದ. ಕೈಯಲ್ಲಿ ಧೂಪದ ಹಿಡಿಸೌಟು. ಕೆಳಗೆ ಸೊಂಟದವರೆಗಿನ ನೀರಿನಲ್ಲಿ ಕೇರಿಯ ಜನ, ಹೆಗಲ ಮೇಲೆ ಮಕ್ಕಳು. ಎಲ್ಲರ ಮುಂದೆ ನಮ್ಮತ್ತೆ, ತಲೆಯ ಮೇಲೆ ಒಲೆಯ ಕೆಂಡದ ಮಡಕೆ.

"ನೆಕಾವಲವ್ವ, ಅಲ್ಲೇ ನಿಲ್ಲಿ. ಇದು ತಾಯಿ ಜಾಗ."

"ಗೊತ್ತು ಸ್ವಾಮಿ. ನಾನು ಗುಡಿಸಿದ ಜಾಗ."

"ತಾಯಿ ಮುನಿದಿದ್ದಾಳೆ. ನೀರು ಅದಕ್ಕೇ ಬಂದಿರೋದು. ಈಗ ಮೈಲಿಗೇನೂ ಆಗ್ಬಿಟ್ರೆ?"

"ಮುನಿದಿರಬಹುದು. ತಾಯಿ ಅಂದ್ಮೇಲೆ ಮುನೀತಾಳೆ." ಅತ್ತೆ ಒಂದು ಮೆಟ್ಟಿಲು ಹತ್ತಿದಳು. "ಒಂದು ಮಾತು ಹೇಳಿ. ಈ ಕೇರೀಲಿ ಮಗು ಹುಟ್ಟಿದ್ರೆ ಸೂಲಗಿತ್ತಿ ಮೊದಲ ನೀರು ಹಾಕುವಾಗ ಏನಂತಾಳೆ?"

ಚಿಮಾಲ್ ತಲೆ ತಗ್ಗಿಸಿ ಹಿಡಿಸೌಟಿನ ಕೆಂಡ ನೋಡಿದ.

"ನಾಚ್ಕೋಬೇಡಿ, ನಿಮಗೂ ಅಂದಿರ್ತಾಳೆ. 'ಬಾ ಮಗುವೇ, ಪಚ್ಚೆಲಂಗದ ತಾಯಿ ಮಡಿಲಿಗೆ ಬಾ' ಅಂತಾಳೆ. ಇಲ್ಲಿ ನಿಂತಿರೋರೆಲ್ಲ ಆ ಮಾತು ಕೇಳಿಸ್ಕೊಂಡೇ ಹುಟ್ಟಿದೋರು. ಅವತ್ತು ಬಾ ಅಂದು ಇವತ್ತು ಹೋಗು ಅಂದ್ರೆ ತಾಯೀನೇ ಮಾತು ತಪ್ಪಿದೋಳು ಆಗ್ತಾಳೆ. ಆ ಅಪವಾದ ನೀವು ತರ್ತೀರಾ?"

"ನನಗೇ ಬಿಟ್ಟಿದ್ರೆ ಬಿಡ್ತಿದ್ದೆ ಅವ್ವಾ" ಎಂದ ಅವನು, ದನಿ ತಗ್ಗಿಸಿ. "ದೊಡ್ಡಗುಡಿಯೋರು ಬಂದು ಕೇಳಿದ್ರೆ ನನ್ನನ್ನ ಇದೇ ನೀರಿಗೆ ಹಾಕಿ ತುಳೀತಾರೆ."

ಆಗ ಅತ್ತೆಗೆ ಅವನ ಮೇಲೆ ಕನಿಕರ ಬಂತು. ಮಡಕೆಯನ್ನು ಒಣ ಮೆಟ್ಟಿಲ ಮೇಲಿಳಿಸಿ, ತನಗೆ ಗೊತ್ತಿದ್ದ ಕಟ್ಟಳೆ ನೆನೆದಳು. ಸೇವೆಗೆಂದು ಹತ್ತಿದವರನ್ನು ಯಾವ ಗುಡಿಯೂ ತಡೆದದ್ದಿಲ್ಲ. ಅವಳ ಗಂಡನೇ ಗರಸು ಹೊತ್ತು ಆ ಜಗಲಿಯವರೆಗೆ ಹೋಗಿ ಬಂದವನು. ಆಕೆ ಜನರ ಕಡೆ ತಿರುಗಿದಳು.

"ಎಲ್ರೂ ಕೇಳ್ರಪ್ಪ! ಜೀವ ಉಳಿಸ್ಕೊಳ್ಳೋಕೆ ಅಂತ ಯಾರೂ ಮೇಲೆ ಹತ್ಬೇಡಿ. ಸೇವೆ ಮಾಡೋಕೆ ಹತ್ತಿ. ಬರಿಗೈಲಿ ಒಬ್ರೂ ಬರಕೂಡ್ದು. ಬಿದ್ದ ಮನೆ ಕಲ್ಲು ತನ್ನಿ, ಮಣ್ಣು ತನ್ನಿ, ಕಣಜದ ಜೋಳ ತನ್ನಿ. ಈ ಗುಡಿ ಎತ್ತರಿಸ್ಬೇಕು ಅಂತ ಎಷ್ಟು ವರ್ಷದಿಂದ ಮಾತಾಡ್ತಿದೀರಿ, ಇವತ್ತು ಶುರು. ಮೊದಲ ಮೆಟ್ಟಿಲಲ್ಲಿ ಕಿವಿ ಚುಚ್ಕೊಳ್ಳಿ, ಆಮೇಲೆ ಕಾಲಿಡಿ."

"ನಾನು ಕುಂಟ, ನಾನೇನು ಹೊರ್ಲಿ?" ಎಂದು ಬಲೆ ನೇಯುವ ಮುದುಕನೊಬ್ಬ ಕೂಗಿದ.

"ಬಾಯಿ ಮುಚ್ಕೊಂಡು ಬಾ, ಅದೇ ದೊಡ್ಡ ಸೇವೆ!"

ಆ ನೀರಿನಲ್ಲೂ ಜನ ನಕ್ಕರು. ಚಿಮಾಲ್ ಹಿಡಿಸೌಟನ್ನು ಪಕ್ಕಕ್ಕಿಟ್ಟು, ತನ್ನ ಸೊಂಟದ ಚೀಲದಿಂದ ಮುಳ್ಳುಗಳನ್ನು ತೆಗೆದು ತಾನೇ ಹಂಚಿದ. ನಾನು ನನ್ನ ಪುಟ್ಟ ಮಗನನ್ನು ಬೆನ್ನಿಗೆ ಕಟ್ಟಿಕೊಂಡು, ಅಡುಗೆಮನೆಯ ಅರೆಯುವ ಕಲ್ಲನ್ನೇ ಹೊತ್ತು ಹತ್ತಿದೆ. "ಅಬ್ಬಾ, ಇವತ್ತಾದ್ರೂ ಕಲ್ಲಿಗೆ ಮರ್ಯಾದೆ ಮಾಡ್ದೆ" ಎಂದಳು ಅತ್ತೆ.

ನೀರು ಇಳಿಯುವವರೆಗೂ ನಾವು ಆ ಜಗಲಿಯ ಮೇಲೆ ಇದ್ದೆವು. ಕಾಲು ಚಾಚಲು ಜಾಗವಿರಲಿಲ್ಲ. ತಂದ ಕೆಂಡದಿಂದ ಒಂದೇ ಒಲೆ ಹೊತ್ತಿಸಿ ಎಲ್ಲರಿಗೂ ಒಂದೇ ಅಂಬಲಿ. ಮಕ್ಕಳು ಮೂತ್ರಕ್ಕೆ ಕೂತರೆ ಅತ್ತೆ ಪೊರಕೆ ತೋರಿಸಿ ಮೂಲೆಯ ದೋಣಿಗೆ ಅಟ್ಟುತ್ತಿದ್ದಳು. ಬೆಳಗಾದರೆ ಮಲಗಿದ್ದವರನ್ನೆಲ್ಲ ಎಬ್ಬಿಸಿ ಜಗಲಿ ಗುಡಿಸುತ್ತಿದ್ದಳು. ಗಂಡಸರು ಗೊಣಗಿದರೆ, "ದೇವರ ಮನೇಲಿ ನೆಂಟರು ನೀವು, ಅಳಿಯಂದಿರಲ್ಲ. ಏಳಿ!" ಚಿಮಾಲ್ ದಿನಾ ಪೂಜೆ ಮಾಡಿದ, ಒಂದೂ ತಪ್ಪಿಸಲಿಲ್ಲ. ರಾಜಗಿರಿ ಹಿಟ್ಟಿನಲ್ಲಿ ತಾಯಿಯ ಮೂರ್ತಿ ಮಾಡಿದಾಗ ಮೊದಲ ಬಾರಿಗೆ ಕೇರಿಯ ಹೆಂಗಸರೆಲ್ಲ ಅದನ್ನು ಅಷ್ಟು ಹತ್ತಿರದಿಂದ ನೋಡಿದೆವು. ಕುಂಬಳದ ಬೀಜ ಹಚ್ಚಿ ಮಾಡಿದ ಹಲ್ಲುಗಳು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿವೆ.

ಕೊನೆಗೆ ಚಿಲುಮೆಯ ಬಾಯಿ ಮುಚ್ಚಿಸಿದರು. ನೀರು ಹಿಂದೆ ಸರಿಯಿತು. ಕೆಸರು ಇನ್ನೂ ಆರಿರಲಿಲ್ಲ, ದೊಡ್ಡಗುಡಿಯಿಂದ ಹಿರಿಯ ಪೂಜಾರಿಯೊಬ್ಬ ದೋಣಿಯಲ್ಲಿ ಬಂದಿಳಿದ. ಸುದ್ದಿ ಮುಟ್ಟಿತ್ತು. ಜಗಲಿ ಹತ್ತಿ ಸುತ್ತಲೂ ನೋಡಿದ. ನೆಲ ಸ್ವಚ್ಛ, ಬೆಂಕಿ ಆರಿಲ್ಲ, ಹುಲ್ಲಿನ ಉಂಡೆಗೆ ನೆತ್ತರ ಮುಳ್ಳುಗಳನ್ನು ಚುಚ್ಚಿಟ್ಟಿದೆ. ಒಂದು ಬದಿಯಲ್ಲಿ ಕಲ್ಲು ಮಣ್ಣಿನ ಗುಡ್ಡೆ.

"ಜನ ಹತ್ತೋಕೆ ಅಪ್ಪಣೆ ಕೊಟ್ಟೋರು ಯಾರು?" ಎಂದು ಕೇಳಿದ.

ಅತ್ತೆ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಚಿಮಾಲ್ ಮುಂದೆ ಬಂದು, "ನಾನು" ಎಂದ. "ನೆಕಾವಲವ್ವ ದಾರಿ ತೋರಿಸಿದ್ರು. ಅಪ್ಪಣೆ ನನ್ದು. ಬಂದೋರು ಸೇವೆಗೆ ಬಂದ್ರು, ಹೊರೆ ಅಲ್ಲೇ ಇದೆ, ನೋಡಿ."

ಆ ಹಿರಿಯ ಗುಡ್ಡೆಯನ್ನು ನೋಡಿದ. ಅದರಲ್ಲಿ ನನ್ನ ಅರೆಯುವ ಕಲ್ಲೂ ಇತ್ತು. "ಇದ್ಯಾರ ಸೇವೆ?" ಎಂದ. ನಾನು ನಾಚಿ, ಕೈಯಿಂದ ಮುಖ ಮುಚ್ಚಿಕೊಂಡು ಅತ್ತೆಯ ಹಿಂದೆ ಸರಿದೆ. ಅವನ ತುಟಿಯ ಕೊನೆ ಸ್ವಲ್ಪ ಸಡಿಲವಾಯಿತು. ಚಿಮಾಲನಿಗೆ ದೀರ್ಘ ಉಪವಾಸವನ್ನು ವಿಧಿಸಿ, ಬೇರೇನೂ ಹೇಳದೆ ದೋಣಿ ಹತ್ತಿದ. ಚಿಮಾಲ್ ಉಪವಾಸ ಮಾಡಿ ಕಡ್ಡಿಯಾದ. ಅದು ಮುಗಿದ ದಿನ ಅತ್ತೆ ಕಡುಬಿನ ಬುಟ್ಟಿ ಅವನ ಮುಂದಿಟ್ಟು, ಅವನು ತಿಂದು ಮುಗಿಸುವವರೆಗೆ ಅಲ್ಲಿಂದ ಕದಲಲಿಲ್ಲ.

ಮನೆ ಕಟ್ಟಿಕೊಳ್ಳುವುದಕ್ಕೂ ಮೊದಲೇ ಕೇರಿಯವರು ಗುಡಿಯ ಕೆಲಸಕ್ಕೆ ಇಳಿದರು. ಯಾರೂ ಹೇಳಬೇಕಾಗಲಿಲ್ಲ. ಹಳೆಯ ಗುಡಿಯನ್ನು ಕೆಡವದೆ, ಅದರ ಮೇಲೆಯೇ ಹೊಸ ಗೋಡೆ, ಹೊಸ ಮೆಟ್ಟಿಲು. ನಡುವೆ ತುಂಬಿದ್ದು ನಾವು ಹೊತ್ತ ಮಣ್ಣು. ಇನ್ನು ಮುಂದೆ ನೀರು ಬಂದರೆ ಜನ ನಿಲ್ಲಲು ಕೆಳಗಿನ ಸುತ್ತಿನಲ್ಲಿ ಅಗಲವಾದ ಜಗಲಿ ಬಿಡಬೇಕೆಂದು ಹಿರಿಯರು ತೀರ್ಮಾನಿಸಿದರು. ಆ ಸಭೆಗೆ ಅತ್ತೆಯನ್ನೂ ಕರೆದು ಕೂರಿಸಿದ್ದರು. ಸುಣ್ಣದ ಗಾರೆ ಹೊಳೆಯುವಂತೆ ಉಜ್ಜುವಾಗ ಆಕೆ ಕೂಲಿಯವರ ಪಕ್ಕ ನಿಂತು, "ಇಲ್ಲಿ ಬಿಟ್ಟಿದೀಯಲ್ಲೋ, ಕಣ್ಣಿಗೆ ಹೂ ಬಿದ್ದಿದೆಯಾ?" ಎಂದು ರೇಗಿಸುತ್ತಿದ್ದಳು.

ಗುಡಿ ಮುಗಿದ ಹಬ್ಬದ ದಿನ ಮಧ್ಯಾಹ್ನ, ಡೋಲು ಬಡಿಯುತ್ತಿದ್ದಾಗ, ಆಕೆಗೆ ಕತ್ತಾಳೆ ಹೆಂಡದ ಬೋಗುಣಿ ತಂದುಕೊಟ್ಟರು. ಮೊಮ್ಮಕ್ಕಳನ್ನು ಕಂಡವರಿಗೆ ಹೆಂಡ ಕುಡಿಯಲು ಅಡ್ಡಿಯಿಲ್ಲ. ಆಯುಷ್ಯವೆಲ್ಲ ಮುಟ್ಟದಿದ್ದವಳು ಅಂದು ಮೂತಿ ಕಿವುಚಿ ಒಂದು ಗುಟುಕು ಕುಡಿದಳು, "ಇದಕ್ಕಾ ಇಷ್ಟು ಗಲಾಟೆ?" ಎಂದಳು, ಬೋಗುಣಿ ಖಾಲಿ ಮಾಡಿದಳು. ಆಮೇಲೆ ಎದ್ದು, ಕೈ ಕೈ ಹಿಡಿದು ಕುಣಿಯುತ್ತಿದ್ದ ಹುಡುಗರ ಸಾಲಿಗೆ ನುಗ್ಗಿದಳು.

"ಅಜ್ಜೀ, ಹೆಜ್ಜೆ ತಪ್ತಿದೀರಾ!" ಎಂದ ಒಬ್ಬ.

"ನಾನು ಹಾಕಿದ್ದೇ ಹೆಜ್ಜೆ. ನೀನು ನೋಡಿ ಕಲಿ."

ಸಂಜೆ ನಾನು ಆಕೆಯನ್ನು ದೋಣಿಯಲ್ಲಿ ಮನೆಗೆ ಕರೆತಂದೆ. ದೋಣಿಯಲ್ಲಿ ಮಲಗಿ ಗಟ್ಟಿಯಾಗಿ ಹಾಡುತ್ತಿದ್ದಳು. ಕಾಲುವೆಯ ಎರಡೂ ಕಡೆಯ ಮಾಳಿಗೆಗಳಿಂದ ಹೆಂಗಸರು ಬಗ್ಗಿ ನೋಡಿ, ನಗುತ್ತ, ಮುಂದಿನ ಸಾಲನ್ನು ತಾವೇ ಎತ್ತಿಕೊಡುತ್ತಿದ್ದರು.