ಘಟಸರ್ಪಕ್ಕೆ ತಂಬಿಲವಿಲ್ಲ

ಮುಂಬೈ ಬಳಿಯ ಡೊಂಬಿವಲಿಯ ಜಯಲತಾ ಅವರನ್ನು ಸೊಸೈಟಿಯ ತಾಯಂದಿರು 'ಸೂಯಿವಾಲಿ ಆಂಟಿ', ಸೂಜಿಯ ಆಂಟಿ ಎಂದೇ ಕರೆಯುವುದು. ಯಾರ ಮನೆಯಲ್ಲಿ ಮಗು ಹುಟ್ಟಲಿ, ಲಸಿಕೆಗೆ ಕರೆದೊಯ್ಯಲು ಇವರು ಚಪ್ಪಲಿ ಮೆಟ್ಟಿ ನಿಂತಾಯಿತು. ಗಂಡ ಶಂಭುವಿನ ಹೋಟೆಲಿಗೆ ಬಂದ ಗಿರಾಕಿಗಳನ್ನೂ ಬಿಟ್ಟವರಲ್ಲ. ನಗುವವರು ನಗಲಿ ಬಿಡಿ. ಇವರ ಕಿವಿಯೊಳಗೆ ಏನು ಕೂತಿದೆ ಎಂದು ಅವರಿಗೇನು ಗೊತ್ತು!

ಅಲ್ಲಿ ಕೂತಿರುವುದು ಪುಟ್ಟ ತಮ್ಮ ಜಯಶೀಲನ ಉಸಿರು. ಜಯಲತಾ ಲಂಗ ತೊಡುವ ಹುಡುಗಿಯಾಗಿದ್ದಾಗ ಅವನಿಗೆ ಜ್ವರ ಬಂದು, ಕುತ್ತಿಗೆ ಬಾತು, ಗಂಟಲೊಳಗೆ ಬೂದು ಪೊರೆ ಕಟ್ಟಿತು. ಕಲ್ಯಾಣದ ಡಾಕ್ಟರು, "ಘಟಸರ್ಪ! ಕೂಡಲೇ ದವಾಖಾನೆಗೆ ಸೇರಿಸಿ" ಎಂದು ಮರಾಠಿಯಲ್ಲಿ ಕೂಗಿದರು. ನಮ್ಮ ಗಂಟಲಮಾರಿಗೆ, ಅಂದರೆ ಡಿಫ್ತೀರಿಯಾಕ್ಕೆ, ಇಲ್ಲಿ ಅದೇ ಹೆಸರು. ಉಡುಪಿಯಿಂದ ಬಂದು ವರ್ಷ ತುಂಬದ ಅಪ್ಪನಿಗೆ ಕೇಳಿಸಿದ್ದು 'ಸರ್ಪ' ಒಂದೇ.

"ನಾಗನ ಮುನಿಸು! ಊರಿಗೆ ಹೋಗಿ ನಾಗಬನದಲ್ಲಿ ಹಾಲೆರೆದು ತಂಬಿಲ ಕೊಡುವ" ಎಂದು ಎಲ್ಲರನ್ನೂ ಬಸ್ಸು ಹತ್ತಿಸಿಬಿಟ್ಟರು. ಅಯ್ಯೋ, ಎಲ್ಲಿಯ ನಾಗ, ಎಲ್ಲಿಯ ಗಂಟಲು! ಅಕ್ಕನ ಮಡಿಲಲ್ಲಿ ಜಯಶೀಲ ಸುಂಯ್ ಸುಂಯ್ ಎಂದು ಉಸಿರೆಳೆಯುತ್ತಿದ್ದ. ಅಳಲು ಬಾಯಿ ತೆರೆದ, ಸದ್ದೇ ಹೊರಡಲಿಲ್ಲ. ಪನವೇಲ್ ದಾಟುವ ಮೊದಲೇ ಉಸಿರೂ ನಿಂತಿತು.

ಇಂದಿಗೂ ಕುಕ್ಕರು ಸೀಟಿ ಹಾಕುವ ಮುಂಚೆ ಸುಂಯ್ ಎಂದರೆ ಜಯಲತಾ ಕೈಯಲ್ಲಿದ್ದ ಕೆಲಸ ಬಿಟ್ಟುಬಿಡುತ್ತಾರೆ. ಓಡಿಬಂದು ಮೊಮ್ಮಗಳು ತನ್ವಿಯ ಮೂಗಿನ ಬಳಿ ಕೈಯಿಟ್ಟು ನೋಡುತ್ತಾರೆ.

ತನ್ವಿಗೆ ಐದು ತುಂಬಿತು, ಗಂಟಲಮಾರಿ ಲಸಿಕೆಯ ಬೂಸ್ಟರ್ ಹಾಕಿಸಬೇಕು. ಸೊಸೆ ಮಾನಸಿ ಸುತರಾಂ ಒಪ್ಪಲಿಲ್ಲ.

"ಕಳೆದ ಸಲ ಕಾಲು ಸೂಜ್ ಗಯಾ, ಊದಿಕೊಂಡು ಜ್ವರ ಬಂತು. ಚಿಕ್ಕವಳಿದ್ದಾಗ ಎಲ್ಲಾ ಆಗಿದೆಯಲ್ಲ ಅತ್ತೆ, ಫಿರ್ ಕ್ಯೋಂ, ಮತ್ತೆ ಯಾಕೆ?"

"ಆ ಜ್ವರ ಎರಡು ದಿನದಲ್ಲಿ ಬಿಡ್ತದೆ ಮಾರಾಯ್ತಿ. ಲಸಿಕೆಯ ಬಲ ಬರ್ತಾ ಬರ್ತಾ ಕಮ್ಮಿ ಆಗ್ತದೆ, ಅದಕ್ಕೇ ಮತ್ತೊಂದು. ಬೇಕಾದ್ರೆ ಡಾಕ್ಟರ ಹತ್ರ ನೀನೇ ಕೇಳು. ಜಯಶೀಲನ ಹಾಗೆ ಇನ್ನೊಂದು ಮಗುವನ್ನು ಮಡಿಲಲ್ಲಿ ಮಲಗಿಸಿಕೊಳ್ಳಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ!"

ಗಂಡನಿಂದಷ್ಟೇ ಕೇಳಿದ್ದ ಆ ಹೆಸರು ಅತ್ತೆಯ ಬಾಯಿಂದ ಬಂದದ್ದು ಅದೇ ಮೊದಲು. ಮಾನಸಿ ಮಗಳಿಗೆ ಫ್ರಾಕ್ ತೊಡಿಸಿದಳು.

ಡಾಕ್ಟರು ಹಳೆಯ ಬಾವಿನ ಕತೆಯನ್ನೆಲ್ಲ ಕೇಳಿಕೊಂಡು, ಅದು ಮಾಮೂಲು, ಹೆದರಬೇಡಿ ಎಂದರು. ಸೂಜಿ ಇಳಿದದ್ದೇ ತಡ, ತನ್ವಿ ಸೂರು ಹಾರಿಹೋಗುವಂತೆ ಕಿರುಚಿದಳು. ಮಾನಸಿ "ಶ್ಶ್, ಚುಪ್" ಎಂದು ಅವಳ ಬಾಯಿಗೆ ಕೈ ಒಯ್ದಳು. ಜಯಲತಾ ಆ ಕೈಯನ್ನು ಹಿಡಿದುಬಿಟ್ಟರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು.

"ಬಿಡು, ಅಳ್ಲಿ ಅವಳು. ಅಳು ಮಗಾ, ಇನ್ನೂ ಜೋರಾಗಿ ಅಳು."